‘ಪರವಾಗಿಲ್ಲ’ ಎಂಬ ಉತ್ತರ



ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ನಾನು. ಆ ಅಭ್ಯಾಸಬಲದಿಂದ ಕೊಟ್ಟ ಬುದ್ಧಿವಾದವೊಂದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಏಳೆಂಟು ವರ್ಷಗಳಿಂದ ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ. ಚಿಕಿತ್ಸೆ ನಡೆದಿತ್ತು, ದುಡಿಮೆ ನಿಂತಿತ್ತು; ಹೆಂಡತಿಯ ಹೊಲಿಗೆಯಿಂದ ಮನೆ ಸಾಗುತ್ತಿತ್ತು. ಮಾಸಾಶನಕ್ಕೆ ಬೇಕಾದ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ನಾನೇ ಅರ್ಜಿ ತುಂಬಿಕೊಟ್ಟೆ. ತಪಾಸಣೆಯ ಹಿಂದಿನ ದಿನ, “ಕ್ಷೌರ ಮಾಡಿಸಿಕೋ, ಒಗೆದ ಅಂಗಿ ತೊಡು, ಕೇಳಿದ್ದಕ್ಕೆ ತಲೆಯೆತ್ತಿ ಉತ್ತರಿಸು” ಎಂದೆ. ಅವನು ಹಾಗೆಯೇ ಮಾಡಿದ. ಹೆಂಡತಿಯನ್ನು ಹೊರಗೆ ಕೂರಿಸಿ ಒಬ್ಬನೇ ಒಳಗೆ ಹೋದ. ಕೇಳಿದ ಪ್ರಶ್ನೆಗಳಿಗೆಲ್ಲ “ಪರವಾಗಿಲ್ಲ ಸರ್” ಎಂದು ಬಂದ. ಶೇಕಡಾ 40ಕ್ಕಿಂತ ಕಡಿಮೆ ಎಂದು ಬರೆದರು.

“ನಾನು ಬರೀ ಸೋಮಾರಿ ಅಂತ ಅವರಿಗೂ ತಿಳಿಯಿತು ಮೇಷ್ಟ್ರೇ” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಹೆಸರಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಆದರೆ ಕಾಯ್ದೆಯ ವಿಶೇಷ ಸವಲತ್ತುಗಳಿಗೆ ಶೇಕಡಾ 40 ಇರಬೇಕು. ಅದನ್ನು ಅಳೆಯಲು ‘ಐಡಿಯಾಸ್’ ಎಂಬ ಮಾಪಕವಿದೆ. ತನ್ನ ದೇಹದ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಷಯಗಳಿಗೆ ಅಂಕಗಳು. ಕಾಯಿಲೆ ಎಷ್ಟು ವರ್ಷಗಳದು ಎಂಬುದಕ್ಕೂ ಅಂಕ. ನಮ್ಮ ಶಾಲೆಯ ಪರೀಕ್ಷೆಗೆ ಇದು ವಿರುದ್ಧ: ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಇದನ್ನು ತಿಳಿಯದ ನಾನು ಅವನಿಗೆ ‘ಚೆನ್ನಾಗಿ ಕಾಣುವ’ ಪಾಠ ಹೇಳಿದ್ದೆ.

ಕಾಲು ಕಳೆದುಕೊಂಡವನ ಕಷ್ಟ ಕಣ್ಣಿಗೆ ಕಾಣುತ್ತದೆ. ಖಿನ್ನತೆಯಾದರೋ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುತ್ತದೆ. ಅರ್ಜಿ ತುಂಬಲು, ಕಡತ ಜೋಡಿಸಲು, ಸರದಿಯಲ್ಲಿ ನಿಲ್ಲಲು ಬೇಕಾದ ಚೈತನ್ಯವನ್ನೇ ಅದು ಹೀರಿಬಿಡುತ್ತದೆ. ತಾನು ಸಹಾಯಕ್ಕೆ ಅರ್ಹನಲ್ಲವೆಂಬ ನಂಬಿಕೆಯೂ ಆ ಕಾಯಿಲೆಯದೇ ಲಕ್ಷಣ. ಅರ್ಜಿ ತಿರಸ್ಕೃತವಾದರೆ ಆ ನಂಬಿಕೆಗೆ ಸರ್ಕಾರಿ ಮೊಹರು ಬಿದ್ದಂತೆ.

ಕಾಯ್ದೆಯ 59ನೆಯ ಕಲಮು ಮೇಲ್ಮನವಿಗೆ ಅವಕಾಶ ನೀಡಿದೆ. ಈ ಸಲ ಅವನ ಹೆಂಡತಿ ಒಂದು ನೋಟುಪುಸ್ತಕ ಒಯ್ದಳು. ಸ್ನಾನವಿಲ್ಲದ ದಿನಗಳು, ಹಾಸಿಗೆ ಬಿಟ್ಟೇಳದ ದಿನಗಳು, ಮಗಳೊಡನೆ ಮಾತಾಡದ ವಾರಗಳು ಅದರಲ್ಲಿದ್ದವು. ಹಳೆಯ ಚೀಟಿಗಳೂ ಇದ್ದವು. ಆಕೆಯನ್ನೂ ಒಳಗೆ ಕೂರಿಸಿ ಕೇಳಿದರು. ಪ್ರಮಾಣಪತ್ರ ದೊರೆಯಿತು.

ಮನೆಯವರನ್ನು ವಿಚಾರಿಸದೆ ಇಂಥ ಅರ್ಜಿಯನ್ನು ತೀರ್ಮಾನಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥವರಿದ್ದರೆ, ತಪಾಸಣೆಗೆ ಅವರೊಬ್ಬರನ್ನೇ ಕಳುಹಿಸಬೇಡಿ. ಕೆಟ್ಟ ದಿನಗಳನ್ನು ತಾರೀಖು ಸಹಿತ ಬರೆದಿಡಿ. ಇದ್ದದ್ದನ್ನು ಇದ್ದಂತೆ ಹೇಳುವುದು ಭಿಕ್ಷೆಯೂ ಅಲ್ಲ, ಸುಳ್ಳೂ ಅಲ್ಲ. ಮಾನಕ್ಕೆ ಅಂಜಿ ಮುಚ್ಚಿಡಿ ಎಂದು ಮಾತ್ರ, ನನ್ನಂತೆ, ಯಾರಿಗೂ ಹೇಳಬೇಡಿ.