ಹಳೆಯ ಗಣಕಕ್ಕೆ ಹೊಸ ಉಗ್ರಾಣ

ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರಿಗೆ ಮುಪ್ಪು ಬಹು ಬೇಗ ಅಡರುತ್ತದೆ. ಏಳೆಂಟು ವರ್ಷ ದುಡಿದ ಯಂತ್ರವು ಗುಂಡಿ ಒತ್ತಿದ ಮೇಲೆ ಎಚ್ಚರಗೊಳ್ಳಲು ನಾಲ್ಕೈದು ನಿಮಿಷ ತೆಗೆದುಕೊಳ್ಳತೊಡಗಿತೆಂದರೆ ಸಾಕು, ಅದನ್ನು ಮೂಲೆಗೆ ಸರಿಸಿ ಹೊಸದನ್ನು ತರಿಸುವ ಮಾತು ಏಳುತ್ತದೆ. ಆದರೆ ಆ ಮುಪ್ಪು ಬಹುಮಟ್ಟಿಗೆ ಒಂದೇ ಅಂಗಕ್ಕೆ ಸೇರಿದ್ದು. ಆ ಅಂಗವನ್ನು ಬದಲಿಸಿದರೆ ಯಂತ್ರವು ಇನ್ನೂ ಕೆಲವು ವರ್ಷ ಸುಖವಾಗಿ ದುಡಿದೀತು ಎಂಬುದು ನಾನು ಹೇಳಬೇಕೆಂದಿರುವ ಮೊದಲ ಮಾತು. ಹಾಗೆ ಕಳಚಿ ತೆಗೆದ ಹಳೆಯ ಅಂಗದ ಗತಿಯೇನು ಎಂಬುದು ಎರಡನೆಯದು. ಕನ್ನಡದ ಮೇಷ್ಟರುಗಳಿಗೆ ಹೆಚ್ಚು ತಟ್ಟಬೇಕಾದದ್ದು ಈ ಎರಡನೆಯದೇ.

ಹಾರ್ಡ್ ಡಿಸ್ಕ್ ಎಂಬುದು ತಿರುಗುವ ತಟ್ಟೆ. 1956ರಲ್ಲಿ, ನಮ್ಮ ನಾಡು ಒಂದಾದ ಆ ವರ್ಷವೇ, ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದುವು. ಅವೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಗಲಕ್ಕೆ ಇಳಿದು ಒಂದು ಗ್ರಂಥಾಲಯವನ್ನೇ ನುಂಗುವಷ್ಟಾಗಿದ್ದರೂ ಮೂಲತಃ ಅದು ಅದೇ ಬೀಸುಕಲ್ಲು. ಮೇಜಿನ ಗಣಕದ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಬರೆಹ ಎಲ್ಲಿದೆಯೋ ಅಲ್ಲಿಗೆ ಒಂದು ತೋಳು ಚಾಚಬೇಕು. ಆ ಮೇಲೆ ಆ ಭಾಗ ತಿರುಗಿ ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ಇವೆರಡೂ ಸೇರಿ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟೇ ತಾನೆ ಎನ್ನಬಹುದು. ಆದರೆ ಗಣಕ ಏಳುವಾಗ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು ಅಲ್ಲೊಂದು ಇಲ್ಲೊಂದು ಹುಡುಕಿ ತರಬೇಕಾಗುತ್ತದೆ; ಪ್ರತಿ ಸಲವೂ ಈ ಕಾಯುವಿಕೆ ಇದ್ದದ್ದೇ. ನಾಲ್ಕು ನಿಮಿಷ ಹೋಗುವುದು ಹೀಗೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಚಾಚುವುದೂ ಇಲ್ಲ. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲಾಶ್ ಸ್ಮೃತಿಯೇ ಇದರ ಬೀಜ. ಸೂಕ್ಷ್ಮ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶವೇ ಇಲ್ಲಿ ಅಕ್ಷರ. ಯಾವ ಕೋಶ ಬೇಕಾದರೂ ನೇರವಾಗಿ ಕರೆಯಬಹುದು. ಬೈಲಹೊಂಗಲದ ದುರಸ್ತಿ ಅಂಗಡಿಯ ತರುಣನೊಬ್ಬ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ: "ಸರ, ಅದು ಹುಡಿಕ್ಯಾಡತೈತ್ರಿ, ಇದಕ್ಕ ಹುಡಿಕ್ಯಾಡೂ ಕೆಲಸನ ಇಲ್ರಿ." ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಪಠ್ಯಪುಸ್ತಕದಲ್ಲಿ ಕಂಡಿಲ್ಲ. ಹಳೆಯ ಯಂತ್ರಕ್ಕೆ ಎರಡೂವರೆ ಅಂಗುಲದ ಸಾಟಾ ಮಾದರಿಯೇ ಸಾಕು. ನಿಮಿಷಗಳಲ್ಲಿ ಏಳುತ್ತಿದ್ದುದು ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ.

ಇದರಿಂದ ಎಲ್ಲ ರೋಗವೂ ವಾಸಿಯಾಗದು, ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ವಿಂಡೋಸ್ 11 ಬಹಳ ಹಳೆಯ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥವಕ್ಕೆ ಲಿನಕ್ಸ್ ಇದೆ, ಬಿಟ್ಟಿಯಾಗಿಯೇ ಇದೆ. ಪದವಿ ವಿದ್ಯಾರ್ಥಿಗಳು ಪ್ರಬಂಧ ಬೆರಳಚ್ಚಿಸಲು ಅದು ಯಥೇಚ್ಛ.

ಇನ್ನು ಕಳಚಿದ ಡಿಸ್ಕಿನ ಮಾತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ಹಾಡುವ ಚೌಡಿಕೆ ಪದಗಳು, ಮುರಗೋಡ ಸುತ್ತಿನ ಹಳ್ಳಿಗಳ ಮುದುಕಿಯರ ಬಾಯಲ್ಲಿ ಉಳಿದ ಬೀಸುವ ಪದ, ಸೋಬಾನೆ ಪದ, ಇವನ್ನೆಲ್ಲ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿ, ಬೆರಳಚ್ಚಿಸಿ ಒಪ್ಪಿಸುವ ಪದ್ಧತಿ ನಮ್ಮಲ್ಲಿದೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಆ ಕಡತಗಳು ಎಲ್ಲಿವೆ? ವಿಭಾಗದ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿನ ಡಿಸ್ಕ್ ಎಲ್ಲಿದೆ? ಒಂದು ಸಂಸ್ಥೆಯಲ್ಲಿ ಅದು ಗುಜರಿ ತಕ್ಕಡಿಯಲ್ಲಿ ತೂಗಿಸಿಕೊಂಡು ಹೋದುದನ್ನು ನಾನು ಬಲ್ಲೆ. ಸಂಸ್ಥೆಯ ಹೆಸರು ಬೇಡ. ಹೆಸರಿಸಹೊರಟರೆ ಒಂದಕ್ಕೆ ನಿಲ್ಲಲಿಕ್ಕಿಲ್ಲ.

ಉಳಿದ ಕಡತಗಳಿಗೂ ಇನ್ನೊಂದು ಗಂಡಾಂತರವಿದೆ. ಅವುಗಳಲ್ಲಿ ಬಹುಪಾಲು ಹಳೆಯ 'ನುಡಿ' ಅಥವಾ 'ಬರಹ'ದ ಅಕ್ಷರವಿನ್ಯಾಸದವು. ಅಲ್ಲಿ ಕನ್ನಡದ ಅಕ್ಷರತುಂಡುಗಳು ಇಂಗ್ಲಿಷ್ ಮೊದಲಾದ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂತಿರುತ್ತವೆ. ಹೊಸ ಎಸ್‌ಎಸ್‌ಡಿಗೆ ಹೊಸ ವ್ಯವಸ್ಥೆ ಹಾಕಿ ಆ ಫಾಂಟನ್ನು ಹಾಕಲು ಮರೆತರೆ, ಚೌಡಿಕೆ ಪದವೆಲ್ಲ ಅರ್ಥವಿಲ್ಲದ ಪರಕೀಯ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಅರಿಯದವನು ಕಡತ ಕೆಟ್ಟಿದೆಯೆಂದು ಅಳಿಸಿಬಿಡುತ್ತಾನೆ. ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳೇನೋ ಇವೆ. ಆದರೆ 'ಸೂರ್ಯ' ಎಂಬ ಶಬ್ದದ ಅರ್ಕಾವೊತ್ತು ಅಲ್ಲಿ ಯಕಾರದ ನಂತರ ಕೂತಿದ್ದರೆ, ಯುನಿಕೋಡಿನಲ್ಲಿ ರಕಾರವಾಗಿ ಮೊದಲು ಬರಬೇಕು. ಇಂಥೆಡೆಗಳಲ್ಲಿ ಯಂತ್ರ ಎಡವಿದರೆ ಕಣ್ಣಿಟ್ಟು ತಿದ್ದುವವರು ಕನ್ನಡ ಬಲ್ಲವರೇ ಆಗಬೇಕು.

ಎಲ್ಲವನ್ನೂ ಎಸ್‌ಎಸ್‌ಡಿಗೆ ತುಂಬಿ ಕಪಾಟಿನಲ್ಲಿಟ್ಟು ನಿಶ್ಚಿಂತರಾಗುವಂತೆಯೂ ಇಲ್ಲ. ಕೋಶದಲ್ಲಿಟ್ಟ ವಿದ್ಯುದಂಶ ಮೆಲ್ಲಮೆಲ್ಲನೆ ಸೋರುತ್ತದೆ. ಬರೆಯುವ ಆಯುಷ್ಯ ತೀರಿದ ಸಾಮಾನ್ಯ ಎಸ್‌ಎಸ್‌ಡಿಯು ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ವರ್ಷ ಬರೆಹವನ್ನು ಉಳಿಸಿಕೊಳ್ಳಬೇಕೆಂದು ಜೆಡೆಕ್ ಮಾನದಂಡ ವಿಧಿಸುತ್ತದೆ, ಅಷ್ಟೇ. ಶಾಖ ಏರಿದಂತೆ ಈ ಅವಧಿ ಕುಗ್ಗುತ್ತದೆ. ನಮ್ಮ ಬೇಸಿಗೆಯನ್ನು ಬಣ್ಣಿಸಬೇಕಿಲ್ಲ. ಹಳೆಯ ತಟ್ಟೆ ಸಾಯುವ ಮುನ್ನ ಅನೇಕ ವೇಳೆ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗಿಬಿಡಬಹುದು. ಅಳಿಸಿದ ಕಡತವನ್ನು ಅದರಿಂದ ಮರಳಿ ಪಡೆಯುವುದೂ ಹೆಚ್ಚು ದುಸ್ತರ.

ಓಲೆಗರಿಯ ಕಾಲದವರು ಇದನ್ನು ಬಲ್ಲವರಾಗಿದ್ದರು. ಗರಿ ಹುಳ ತಿನ್ನುವ ಮುನ್ನ ಪ್ರತಿ ಎತ್ತುತ್ತಿದ್ದರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಒಬ್ಬರ ಅಟ್ಟದ ಮೇಲಿದ್ದುದು ಅಂದು ನೂರಾರು ಮನೆಗಳಿಗೆ ಹಂಚಿಹೋಯಿತು. ವಚನಗಳಿಗೆ ರಕ್ಷೆಯಾದದ್ದು ಆ ಹಂಚಿಕೆ.

ಆದ್ದರಿಂದ ಎಸ್‌ಎಸ್‌ಡಿ ಹಾಕಿಸಿರಿ, ಅವಶ್ಯವಾಗಿ ಹಾಕಿಸಿರಿ. ಕಳಚಿದ ಡಿಸ್ಕಿನ ಮೇಲೆ ಅದರಲ್ಲೇನಿದೆಯೆಂದು ಚೀಟಿ ಅಂಟಿಸಿ ಬೀರುವಿನಲ್ಲಿಡಿರಿ. ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿರಿಸಿರಿ. ಮುಖ್ಯವಾದುದನ್ನು ಕಾಗದಕ್ಕೂ ಇಳಿಸಿರಿ. ನಾನು ಬಲ್ಲ ಕಾಲೇಜುಗಳಲ್ಲಿ ಯಂತ್ರ ಕೊಳ್ಳಲು, ದುರಸ್ತಿ ಮಾಡಿಸಲು ಲೆಕ್ಕಶೀರ್ಷಿಕೆಗಳಿವೆ. ಹಳೆಯ ಕಡತಗಳನ್ನು ಯುನಿಕೋಡಿಗೆ ತಂದು ಅರ್ಕಾವೊತ್ತು ತಿದ್ದುವ ಇಬ್ಬರು ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯ ಸಣ್ಣ ಗೌರವಧನ ಕೊಡಲು ಮಾತ್ರ ಯಾವ ಶೀರ್ಷಿಕೆಯೂ ಇಲ್ಲ. ಮುಂದಿನ ಆಯವ್ಯಯ ಸಿದ್ಧವಾಗುವ ಹೊತ್ತಿಗೆ ಕನ್ನಡ ವಿಭಾಗಗಳು ಪ್ರಾಚಾರ್ಯರ ಕೋಣೆಗೆ ಒಯ್ಯಬೇಕಾದ ಅರ್ಜಿ ಇದು.