ಯಂತ್ರ ಕೆಟ್ಟಿಲ್ಲ, ಡ್ರೈವರ್ ಇಲ್ಲ

ನಮ್ಮ ವಿಭಾಗದ ಕಪಾಟಿನಲ್ಲಿ ಒಂದು ಸ್ಕ್ಯಾನರ್ ಇದೆ. ಹಿಂದಿನ ವಿದ್ಯಾರ್ಥಿಗಳು ಹೊರತಂದ ಕೈಬರಹದ ಪತ್ರಿಕೆಗಳನ್ನು ಗಣಕಕ್ಕೆ ಏರಿಸುವ ಉದ್ದೇಶದಿಂದ ಅದನ್ನು ಕೊಳ್ಳಲಾಗಿತ್ತು. ಅದರ ಗಾಜು ಒಡೆದಿಲ್ಲ, ದೀಪ ಆರಿಲ್ಲ, ಮೋಟಾರು ನಿಂತಿಲ್ಲ. ಆದರೂ ಅದು ನಿರುಪಯುಕ್ತ. ಹಳೆಯ 32 ಬಿಟ್ ಗಣಕಯಂತ್ರದ ಜಾಗಕ್ಕೆ 64 ಬಿಟ್‌ನ ಹೊಸದು ಬಂದಾಗ ಅದಕ್ಕೆ ತಕ್ಕ ಡ್ರೈವರನ್ನು ತಯಾರಕರು ಒದಗಿಸಲಿಲ್ಲ. ಡ್ರೈವರಿನ ಮೂಲ ಬರಹವು ಅವರ ಬಳಿಯೇ ಇರುವುದರಿಂದ ಬೇರೆಯವರು ತಿದ್ದಿಕೊಡುವಂತೆಯೂ ಇಲ್ಲ. ಇತ್ತ ಪತ್ರಿಕೆಗಳ ಹಾಳೆಗಳು ಪುಡಿಯಾಗುತ್ತಲೇ ಇವೆ.

ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೂ ಯಂತ್ರದ ಭಾಗಗಳಿಗೂ ನಡುವೆ ನಿಂತ ದುಭಾಷಿಯೇ ಡ್ರೈವರ್. ‘ಈ ಕಡತವನ್ನು ಮುದ್ರಿಸು’ ಎಂಬ ಸಾಮಾನ್ಯ ಆದೇಶವನ್ನು ಅದು ಆಯಾ ಸಾಧನಕ್ಕೆ ಮಾತ್ರ ತಿಳಿಯುವ ಸಂಕೇತಗಳಿಗೆ ತಿರುಗಿಸುತ್ತದೆ. ಸಾಧನದ ಉತ್ತರವನ್ನು ಮರಳಿ ತಂದು ಒಪ್ಪಿಸುತ್ತದೆ. ಎರಡು ಮೂರು ಭಾಷೆಗಳ ನಡುವೆ ಬದುಕುವ ಗಡಿನಾಡಿನವರಿಗೆ ದುಭಾಷಿಯ ಹೊಣೆಯನ್ನು ವಿವರಿಸಬೇಕಾಗಿಲ್ಲ. ಈ ದುಭಾಷಿಯಾದರೋ ಬಹುಮಟ್ಟಿಗೆ ಕರ್ನೆಲಿನ ಒಳಮನೆಯಲ್ಲೇ, ಅದರ ಸಕಲ ಅಧಿಕಾರಗಳೊಡನೆ ಕೆಲಸ ಮಾಡುತ್ತದೆ. ಆದ್ದರಿಂದ ಅದರ ಒಂದು ತಪ್ಪು ಇಡೀ ವ್ಯವಸ್ಥೆಯನ್ನು ನಿಲ್ಲಿಸಬಲ್ಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲಿನಕ್ಸ್ ಕರ್ನೆಲಿನ ಉಳಿದ ಭಾಗಗಳಿಗೆ ಹೋಲಿಸಿದರೆ ಡ್ರೈವರುಗಳಲ್ಲಿ ದೋಷಗಳ ಪ್ರಮಾಣವು ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚೆಂದು ಕಂಡುಬಂದಿತ್ತು.

ಆದರೆ ನನ್ನ ಮಾತು ಡ್ರೈವರನ್ನು ಬರೆಯುವ ಕಷ್ಟವನ್ನು ಕುರಿತದ್ದಲ್ಲ, ಕಾಪಾಡುವ ಕಷ್ಟವನ್ನು ಕುರಿತದ್ದು. ಲಿನಕ್ಸ್ ಕರ್ನೆಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಕರ್ನೆಲ್ ಮತ್ತು ಡ್ರೈವರುಗಳ ನಡುವಿನ ಒಳ ಒಪ್ಪಂದಗಳು ಸ್ಥಿರವಾಗಿರುತ್ತವೆಂದು ಲಿನಕ್ಸ್ ಬಳಗ ಎಂದೂ ಮಾತು ಕೊಟ್ಟಿಲ್ಲ. ಬದಲಿಗೆ ಅಲ್ಲಿ ಒಂದು ನ್ಯಾಯವಿದೆ: ಒಪ್ಪಂದವನ್ನು ಬದಲಿಸಿದವನೇ ಕರ್ನೆಲಿನ ಮೂಲ ಸಂಗ್ರಹದೊಳಗಿರುವ ಎಲ್ಲ ಡ್ರೈವರುಗಳನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. 2017ರಲ್ಲಿ, ಟೈಮರಿನ ಗಡುವು ಮುಗಿದಾಗ ಡ್ರೈವರಿಗೆ ಸೂಚನೆ ತಲುಪುವ ಕ್ರಮವನ್ನು ಸುರಕ್ಷತೆಯ ದೃಷ್ಟಿಯಿಂದ ಬದಲಿಸಲಾಯಿತು. ಸಂಗ್ರಹದೊಳಗೆ ನೂರಾರು ಕಡೆ ತಿದ್ದುಪಡಿ ನಡೆಯಿತು. ಆ ಸಾಧನಗಳನ್ನು ಬಳಸುವವರಿಗೆ ಅದು ತಿಳಿಯಲೂ ಇಲ್ಲ. ಹಳೆಯ ಕ್ರಮವನ್ನೇ ನೆಚ್ಚಿ ಸಂಗ್ರಹದ ಹೊರಗೆ ಉಳಿದಿದ್ದ ಡ್ರೈವರುಗಳು ಮಾತ್ರ ತಮ್ಮ ತಮ್ಮ ಒಡೆಯರ ದಾರಿ ಕಾಯಬೇಕಾಯಿತು. ಒಡೆಯನ ಆಸಕ್ತಿ ಹೊಸ ಮಾದರಿಯ ಮಾರಾಟದ ಕಡೆಗೆ ಹೊರಳಿದರೆ ಹಳೆಯ ಸಾಧನದ ಕಥೆ ಅಲ್ಲಿಗೆ ಮುಗಿಯಿತು.

ಸಂಗ್ರಹದೊಳಗೆ ಸೇರಿದ ಮಾತ್ರಕ್ಕೆ ಡ್ರೈವರು ಚಿರಂಜೀವಿಯಾಗುವುದಿಲ್ಲ ಎಂಬುದೂ ನಿಜ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆಂದು ಹೇಳುವ ‘ಮೇಂಟೇನರ್ಸ್’ ಎಂಬ ಕಡತವೊಂದು ಅಲ್ಲಿದೆ. ಹೊಣೆಗಾರರಿಲ್ಲದ ಭಾಗದ ಮುಂದೆ ‘ಅನಾಥ’ ಎಂಬರ್ಥದ ಪದವನ್ನು ಬರೆಯುತ್ತಾರೆ. 2019ರಲ್ಲಿ ಫ್ಲಾಪಿ ಡ್ರೈವರಿಗೆ ಆ ಗತಿ ಬಂದಿತು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸ ಮಾಡುವ ಫ್ಲಾಪಿ ಯಂತ್ರವೇ ಉಳಿದಿರಲಿಲ್ಲ. ಆದರೂ ಅದೇ ಹೊತ್ತಿನಲ್ಲಿ ಅದರೊಳಗಿನ ಸುರಕ್ಷತಾ ದೋಷಗಳನ್ನು ಯಾರೋ ಹುಡುಕಿ ಸರಿಪಡಿಸಿದರು. ಮುಂದೆ ಮತ್ತೊಬ್ಬರು ಅದರ ಹೊಣೆ ಹೊತ್ತರು. ಮೂಲ ಬರಹ ಎಲ್ಲರ ಕಣ್ಣೆದುರು ಇದ್ದುದರಿಂದಲೇ ಅನಾಥಕ್ಕೂ ಪೋಷಕರು ದೊರೆತರು.

ಹಳೆಯದೆಲ್ಲವನ್ನೂ ಎಂದೆಂದಿಗೂ ಹೊತ್ತು ನಡೆಯಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಯಾರೂ ಬಳಸದ ಡ್ರೈವರುಗಳನ್ನು ಲಿನಕ್ಸ್ ಬಳಗವೂ ತೆಗೆದುಹಾಕುತ್ತದೆ. ಪರೀಕ್ಷಿಸುವವರಿಲ್ಲದ ಬರಹವು ಅಪಾಯಕ್ಕೆ ಎಡೆ ಮಾಡಿಕೊಡುತ್ತದೆ. ಆದರೆ ಅಲ್ಲಿ ಆ ತೀರ್ಮಾನವು ಬಹಿರಂಗವಾಗಿ ಆಗುತ್ತದೆ. ‘ನಾನು ಬಳಸುತ್ತಿದ್ದೇನೆ’ ಎಂದು ಹೇಳಲು ಬಳಕೆದಾರನಿಗೆ ಅವಕಾಶವಿರುತ್ತದೆ. ನಮ್ಮ ಸ್ಕ್ಯಾನರಿನ ವಿಷಯದಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ.

ಇದು ಗಣಕ ವಿಜ್ಞಾನದವರ ಚಿಂತೆ, ಕನ್ನಡ ವಿಭಾಗಕ್ಕೇನು ಎನ್ನುವಂತಿಲ್ಲ. ಕೇರಳದ ಸರಕಾರಿ ಶಾಲೆಗಳ ಗಣಕಯಂತ್ರಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವೊಂದು ಪ್ರೊಜೆಕ್ಟರಿನಲ್ಲಿ ಪಾಠ ನೋಡುವಾಗ ಅದರ ಹಿಂದೆ ಎಲ್ಲೋ ಕುಳಿತು ಡ್ರೈವರನ್ನು ತಿದ್ದಿದವರ ಶ್ರಮವಿದೆ. ಹೊಸದನ್ನು ಬರೆದವರಿಗೆ ಸನ್ಮಾನ ಮಾಡುವ ನಾವು ಇದ್ದುದನ್ನು ಕಾಯ್ದವರ ಹೆಸರನ್ನು ಕೇಳುವುದಿಲ್ಲ. ಓಲೆಗರಿಗಳನ್ನು ಪ್ರತಿ ಮಾಡಿ ಉಳಿಸಿದ ಲಿಪಿಕಾರರ ಋಣವನ್ನು ಬಲ್ಲ ವಿಭಾಗವೊಂದು ಈ ಶ್ರಮವನ್ನೂ ಗುರುತಿಸಬೇಕು.

ಎರಡು ಕೆಲಸಗಳು ನಮ್ಮ ಕೈಯಲ್ಲೇ ಇವೆ. ಗಣಕ ವಿಜ್ಞಾನದ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಯಾಗಿ, ಇರುವ ಡ್ರೈವರೊಂದನ್ನು ಪರೀಕ್ಷಿಸಿ ತಿದ್ದುವ ಕೆಲಸಕ್ಕೂ ಅಂಕ ದೊರೆಯುವಂತಾಗಲಿ. ಕಾಲೇಜು ಯಾವುದೇ ಸಾಧನವನ್ನು ಕೊಳ್ಳುವ ಮುನ್ನ, ಅದಕ್ಕೆ ಮುಕ್ತ ಡ್ರೈವರ್ ಇದೆಯೇ, ಅದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಲಿ. ಹೊಸ ಸ್ಕ್ಯಾನರಿಗಾಗಿ ನಮ್ಮ ವಿಭಾಗ ಸಲ್ಲಿಸಲಿರುವ ಬೇಡಿಕೆಪತ್ರದಲ್ಲಿ ಬೆಲೆಯ ಪ್ರಶ್ನೆಗಿಂತ ಮೊದಲು ಈ ಪ್ರಶ್ನೆ ಇರಲಿ.