ಕೊಳ್ಳುವ ಮನೆಗೆ ಎಂಜಿನಿಯರ್ ವರದಿ: ನಂಬಬಹುದೇ?

ಚಾಮರಾಜನಗರ ಜಿಲ್ಲೆಯ ಚಂದಕವಾಡಿ ಕಡೆ ಕಟ್ಟಿದ ಮನೆ ಕೊಳ್ಳುವವರು ಕಾಗದ ನೋಡುವುದರಲ್ಲಿ ಜಾಣರು. ಇ-ಸ್ವತ್ತಿನ ನಮೂನೆ 9, 11 ಕೇಳುತ್ತಾರೆ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾರೆ. ಪಾಯ, ಗೋಡೆ, ತಾರಸಿ ಮಾತ್ರ ಕಣ್ಣಂದಾಜು. ಸಿವಿಲ್ ಎಂಜಿನಿಯರಿಗೆ ದುಡ್ಡು ಕೊಟ್ಟು ಮನೆ ತೋರಿಸಿದರೆ ಅವರ ಮಾತನ್ನು ನಂಬಬಹುದೇ? ಎರಡೂ ಕಡೆಯವರ ಮಾತು ಅವರವರ ಬಾಯಲ್ಲೇ ಕೇಳಿ.

ಪರ

ನಂಬಲೇಬೇಕು. ಹೊಸ ಬಣ್ಣ ಬಳಿದ ಗೋಡೆ ನಮಗೆ ಚೆಂದ ಕಾಣುತ್ತದೆ. ತಿಳಿದವರು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾರೆ. ಗಾರೆ ಇಟ್ಟಿಗೆಯಿಂದ ಬಿಟ್ಟ ಕಡೆ ಟೊಳ್ಳು ಸದ್ದು. ಚಾಮರಾಜನಗರ ಸೀಮೆಯಲ್ಲಿ ಕೆಂಪು ಮಣ್ಣೂ ಉಂಟು, ಎರೆಮಣ್ಣೂ ಉಂಟು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಮನೆಯೂ ಅದರ ಜೊತೆಗೇ ಏಳುತ್ತದೆ, ಕೂರುತ್ತದೆ. ಗಾರೆ ಒಣಗುವಾಗ ಬಿದ್ದ ಕೂದಲೆಳೆಯಂಥ ಬಿರುಕು ಬೇರೆ, ಕಿಟಕಿ ಮೂಲೆಯಿಂದ ಓರೆಯಾಗಿ ಹತ್ತಿದ ಬಿರುಕು ಬೇರೆ. ಎರಡಕ್ಕೂ ಒಂದೇ ಪುಟ್ಟಿ ಮೆತ್ತಿ ಮಾರುವವರಿದ್ದಾರೆ.

ಕಾನೂನಿನ ಮಾತೂ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕು. ಆದರೆ ಅದು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೋಷವಾಗಿರಬೇಕು. ಕಾಣುವಂತಿದ್ದದ್ದನ್ನು ನೋಡದೆ ಆಮೇಲೆ ಅತ್ತರೆ ಕೇಳುವವರಾರು?

ವಿರೋಧ

ಎಂಜಿನಿಯರ್ ಬರುವುದು ಯಾವಾಗ? ಬಿಸಿಲಿನಲ್ಲಿ, ಸುಣ್ಣ ಬಣ್ಣ ಆದ ಮೇಲೆ. ನಮ್ಮ ಜಿಲ್ಲೆಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಾರ್ಚ್‌ನಲ್ಲಿ ನೋಡಿದ ತಾರಸಿ ಏನು ಹೇಳೀತು? ಪಾಯದ ಪಕ್ಕ ಗುಂಡಿ ತೋಡಿ ನೋಡಲು ಯಾವ ಮಾಲೀಕ ಬಿಡುತ್ತಾನೆ?

ನಾನು ಕೊಂಡ ಮನೆಗೂ ವರದಿ ಇತ್ತು. ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂಬ ಒಂದು ಸಾಲು, ಕೆಳಗೆ ಸೀಲು. ಮೊದಲ ಹಿಂಗಾರಿಗೇ ಅಡುಗೆಮನೆ ಮೂಲೆಯಲ್ಲಿ ಬಕೆಟ್ ಇಟ್ಟೆವು. ಆ ಎಂಜಿನಿಯರನ್ನು ಕರೆತಂದಿದ್ದು ದಲ್ಲಾಳಿ. ವ್ಯಾಪಾರ ಕುದುರಿದರೆ ತಾನೇ ಅವನಿಗೆ ಕಮಿಷನ್! ಇನ್ನು ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಸ್ವತ್ತು ಸಾಟಿಯೇ ಎಂದು, ಮನೆ ಸೋರುತ್ತದೆಯೇ ಎಂದಲ್ಲ. ಮಣ್ಣುಗೋಡೆ, ನಾಡಹೆಂಚಿನ ಹಳೇ ಮನೆಯಾದರೆ ಅದನ್ನು ಕಟ್ಟಿದ ಗಾರೆ ಮೇಸ್ತ್ರಿ, ಪಕ್ಕದ ಮನೆಯ ಅಜ್ಜಿ ಹೇಳುವಷ್ಟನ್ನು ಯಾವ ವರದಿಯೂ ಹೇಳದು.

ನನ್ನ ತೀರ್ಮಾನ

ಎರಡೂ ಕಡೆ ಕೇಳಿದ ಮೇಲೆ, ಇದನ್ನು ಬರೆಯುತ್ತಿರುವ ನಾನು ವಾಲುವುದು ಪರದ ಕಡೆಗೇ. ಬಕೆಟ್ ಇಟ್ಟವರ ಸಿಟ್ಟು ನ್ಯಾಯವಾದದ್ದೇ, ಆದರೆ ಅವರನ್ನು ಕೆಡಿಸಿದ್ದು ತಪಾಸಣೆಯಲ್ಲ, ದಲ್ಲಾಳಿ ತಂದ ತಪಾಸಣೆ. ಎಂಜಿನಿಯರನ್ನು ನೀವೇ ಹುಡುಕಿ, ಫೀಜು ನೀವೇ ಕೊಡಿ. ನೋಡಲಾಗದೆ ಬಿಟ್ಟದ್ದು ಯಾವ್ಯಾವುದು ಎಂದೂ ಬರೆಸಿಕೊಳ್ಳಿ. ಮಳೆಗಾಲದವರೆಗೆ ಕಾಯಲಾಗದಿದ್ದರೆ, ತಾರಸಿಯ ಭಾರ ತಡೆಯುವ ಶಕ್ತಿಯನ್ನು ಅವರಿಂದಲೇ ಕೇಳಿಕೊಂಡು, ನೀರು ಹೋಗುವ ಪೈಪುಗಳನ್ನು ಮುಚ್ಚಿಸಿ ಎರಡಂಗುಲ ನೀರು ಕಟ್ಟಿಸಿ. ಎರಡು ದಿನ ಬಿಟ್ಟು ಕೆಳಗಿನಿಂದ ನೋಡಿ. ಮುಂಗಡದ ಮಾತು ಆಮೇಲೆ.